ಕಲಾತಪಸ್ವಿ ವೆಂಕಟಪ್ಪ

ಕಣ್ಣಿಗೆ ಕಾಣುವುದನ್ನು ಚಿತ್ರಿಸುವುದು ಕಷ್ಟ. ಕಾಣದುದನ್ನು ಚಿತ್ರಿಸುವುದು ಇನ್ನೂ ಕಷ್ಟ. ಪುಷ್ಪಕ ವಿಮಾನವನ್ನು ಕಂಡವರಿಲ್ಲ. ಜಟಾಯುವಿನ ರೆಕ್ಕೆಯನ್ನು ಅಳೆದವರಿಲ್ಲ. ಆದರೂ ಕವಿಯ ಕಲ್ಪನೆಗೆ ಕಲಾವಿದನು ರೂಪವನ್ನು ಕೊಡಬೇಕು. ಇಂತಹ ಸಾಹಸಕ್ಕೆ ಯೌವನದಲ್ಲಿಯೇ ಕೈಯಿಕ್ಕಿದವರು ಕನ್ನಡ ನಾಡಿನ ಕೆ. ವೆಂಕಟಪ್ಪನವರು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನವೊಂದರಲ್ಲಿ ಜನಿಸಿದರು. ಅರಮನೆಗಾಗಿ ಚಿತ್ರ ಬರೆಯುವುದು ಆ ಮನೆತನದ ವೃತ್ತಿಯಾಗಿತ್ತು. ತರುಣನ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳಾದರು. ನಂದಲಾಲ ಬಸು, ಅಸಿತಕುಮಾರ ಹಾಲ್ದಾರ್ ಮೊದಲಾದವರು ಒಡನಾಡಿಗಳಾದರು.

ಆ ವೇಳೆಗೆ ಸೋದರಿ ನಿವೇದಿತಾ ಭಾರತದ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದ್ದರು. 1911ರಲ್ಲಿ ಅವರು ತೀರಿಕೊಂಡ ಬಳಿಕ ಆನಂದ ಕುಮಾರಸ್ವಾಮಿಯವರು ಆ ಗ್ರಂಥವನ್ನು ಪೂರ್ಣಗೊಳಿಸಿದರು. ಅದಕ್ಕೆ ಚಿತ್ರಗಳನ್ನು ಬರೆಯುವ ಹೊಣೆ ಅವನೀಂದ್ರನಾಥರ ಶಿಷ್ಯರದಾಯಿತು. ರಾಮಾಯಣದ ಪ್ರಸಂಗಗಳನ್ನು ವೆಂಕಟಪ್ಪನವರು ಚಿತ್ರಿಸಿದರು. ಮೈಸೂರಿನ ಕುಂಚದ ಸೂಕ್ಷ್ಮತೆ ಹೀಗೆ ದೂರದೇಶಗಳ ಓದುಗರನ್ನು ಮುಟ್ಟಿತು.

ಆದರೆ ಸೃಷ್ಟಿಯ ಆನಂದದೊಡನೆ ಅಳುಕೂ ಇರುತ್ತದೆ. ಮೈಸೂರಿಗೆ ಮರಳಿದ ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದರು. ನಾದದ ಸೆಳೆತ ಎಷ್ಟು ಬಲವಾಯಿತೆಂದರೆ ಕುಂಚ ಹಿಂದೆ ಸರಿಯಿತು. ಒಂದು ಕಲೆಗೆ ಒಲಿದು ಇನ್ನೊಂದನ್ನು ಕಳೆದುಕೊಳ್ಳುವ ಆತಂಕವನ್ನು ಅವರು ಬಚ್ಚಿಡಲಿಲ್ಲ. ವೀಣೆಯ ಹುಚ್ಚು ಹಿಡಿದ ಕಲಾವಿದನನ್ನಾಗಿ ತಮ್ಮನ್ನೇ ಚಿತ್ರಿಸಿಕೊಂಡರು. ಮುಂದೆ ಉದಕಮಂಡಲ ಮತ್ತು ಕೊಡೈಕೆನಾಲ್‌ಗಳಲ್ಲಿ ಮಂಜು, ಬೆಟ್ಟ, ಬೆಳಕುಗಳ ಕ್ಷಣಕ್ಷಣದ ಮಾರ್ಪಾಟನ್ನು ಜಲವರ್ಣದಲ್ಲಿ ಸೆರೆಹಿಡಿದರು. ಕಲ್ಪನೆಯ ಲೋಕವನ್ನು ಬರೆದ ಕೈ ಕಣ್ಣೆದುರಿನ ಲೋಕಕ್ಕೂ ಅಷ್ಟೇ ನಿಷ್ಠವಾಗಿತ್ತು.

ಅವರು ಆಜನ್ಮ ಬ್ರಹ್ಮಚಾರಿಗಳು. ಕಲೆಯಲ್ಲಿ ರಾಜಿಯನ್ನು ಅರಿಯದವರು. ಆ ನಿಷ್ಠುರತೆಯೇ ಅವರ ಬಲ. ಅದೇ ಅವರ ಕಷ್ಟಕ್ಕೂ ಕಾರಣ. ಮೈಸೂರು ಅರಮನೆಗಾಗಿ ಅವರು ಗಾರೆಯಲ್ಲಿ ಉಬ್ಬುಶಿಲ್ಪಗಳನ್ನು ರಚಿಸುತ್ತಿದ್ದರು. 1940ರಲ್ಲಿ ನಾಲ್ವಡಿಯವರು ಕಾಲವಾದರು. ಆಶ್ರಯದಾತನಿಲ್ಲದ ಅರಮನೆಯೊಡನೆ ಉಂಟಾದ ವಿವಾದ ನ್ಯಾಯಾಲಯವನ್ನು ಮುಟ್ಟಿತು. ನೊಂದ ಕಲಾವಿದರು ಬೆಂಗಳೂರಿಗೆ ಬಂದು ಏಕಾಂತದಲ್ಲಿ ನೆಲಸಿದರು. ಕುಂಚ ಬಹುಮಟ್ಟಿಗೆ ಮೌನವಾಯಿತು.

1965ರಲ್ಲಿ ವೆಂಕಟಪ್ಪನವರು ನಿಧನರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರದ ಕಲಾ ಗ್ಯಾಲರಿಗೆ ಅವರ ಹೆಸರನ್ನಿಟ್ಟು, ಅವರ ಕೃತಿಗಳನ್ನು ಅಲ್ಲಿ ಕಾಪಾಡಲಾಗಿದೆ. ಅವರು ಬಿಟ್ಟುಹೋದ ಕೃತಿಗಳ ಸಂಖ್ಯೆ ದೊಡ್ಡದಲ್ಲ. ಮನಸ್ಸಿಗೆ ಒಪ್ಪದ ಒಂದು ಗೆರೆಯನ್ನೂ ಎಳೆಯಲೊಲ್ಲದವನ ಸಂಪತ್ತು ಅಷ್ಟೇ ಇರುವುದು ಸಹಜ. ಆದರೆ ಅದರಲ್ಲಿ ಹುಸಿಯಾದುದು ಒಂದೂ ಇಲ್ಲ.