ಗುಹೆಯಲ್ಲಿ ಮಲಗಿದ ವಿಜ್ಞಾನಿ

ಗೆಳೆಯರೇ, ರಾತ್ರಿಯಾಯ್ತು ಮಲಗು ಅಂತ ನಮಗೆ ಹೇಳೋದು ಯಾರು? ಸೂರ್ಯನೋ, ಗಡಿಯಾರವೋ, ನಮ್ಮ ಮೈಯೋ? ಇದನ್ನು ತಿಳಿಯಲು ಒಬ್ಬರು ಒಂದು ತಿಂಗಳು ಕತ್ತಲೆ ಗುಹೆಯಲ್ಲಿ ವಾಸ ಮಾಡಿದರು. ಅವರೇ ನಥಾನಿಯೆಲ್ ಕ್ಲೈಟ್‌ಮನ್.

ಹುಟ್ಟಿದ್ದು 1895ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಕಿಶಿನೆವ್‌ನಲ್ಲಿ. 1915ರಲ್ಲಿ ಬರಿಗೈಲಿ ಅಮೆರಿಕಕ್ಕೆ ಬಂದರು. 1923ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಅಲ್ಲೇ ಮೇಷ್ಟ್ರಾದರು. ನಿದ್ದೆಯೂ ಓದುವ ವಿಷಯವೇ ಅಂತ ಜನ ನಗುವ ಕಾಲ ಅದು.

1938ರ ಜೂನ್‌ನಲ್ಲಿ ಕ್ಲೈಟ್‌ಮನ್ ಮತ್ತು ಅವರ ಶಿಷ್ಯ ಬ್ರೂಸ್ ರಿಚರ್ಡ್‌ಸನ್ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯ ಒಳಗೆ ಹೋದರು. ಅಲ್ಲಿ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಯಾವಾಗಲೂ ಸುಮಾರು 12 ಡಿಗ್ರಿ ಸೆಲ್ಸಿಯಸ್ ಚಳಿ. ಇಲಿ ಹತ್ತಬಾರದು ಅಂತ ಮಂಚದ ಕಾಲುಗಳನ್ನು ಔಷಧಿ ನೀರಿನ ಡಬ್ಬಿಗಳಲ್ಲಿ ನಿಲ್ಲಿಸಿದ್ದರು. ಇರುವೆ ಮುತ್ತದಿರಲಿ ಅಂತ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೇಲಿ ಇಡ್ತೀವಲ್ಲ, ಹಾಗೆ!

ಅಲ್ಲಿ ಅವರ ಒಂದು ದಿನಕ್ಕೆ 24 ಗಂಟೆ ಅಲ್ಲ, 28 ಗಂಟೆ. ಅದರಲ್ಲಿ 9 ಗಂಟೆ ನಿದ್ದೆ. ವಾರಕ್ಕೆ ಆರೇ ದಿನ. (ಲೆಕ್ಕ ಹಾಕಿ ನೋಡಿ, ಎರಡಕ್ಕೂ 168 ಗಂಟೆಯೇ ಬರುತ್ತೆ.) ಆಗಾಗ ಮೈಯ ಬಿಸಿ ಅಳೆದು ಬರೆದಿಡುತ್ತಿದ್ದರು. ಏಕೆಂದರೆ ಮೈಯ ಬಿಸಿ ಹಗಲು ಏರಿ ರಾತ್ರಿ ಇಳಿಯುತ್ತದೆ. ಇಳಿಯುವಾಗ ನಿದ್ದೆ ಚೆನ್ನಾಗಿ ಬರುತ್ತದೆ.

32 ದಿನ ಕಳೆದು, ಗಡ್ಡ ಬಿಟ್ಟುಕೊಂಡು ಹೊರಗೆ ಬಂದರು. ಇಪ್ಪತ್ತರ ಹರೆಯದ ಶಿಷ್ಯನ ಮೈ ಒಂದು ವಾರದಲ್ಲೇ 28 ಗಂಟೆಗೆ ಒಗ್ಗಿಹೋಗಿತ್ತು. 43 ವರ್ಷದ ಮೇಷ್ಟ್ರಿಗೆ ಮಾತ್ರ ಕೊನೇವರೆಗೂ ಆಗಲೇ ಇಲ್ಲ. ದೀಪ ಆರಿಸಿದರೂ ಕಣ್ಣು ಮುಚ್ಚದು, ಕೆಲಸದ ಹೊತ್ತಲ್ಲಿ ತೂಕಡಿಕೆ. ಸೂರ್ಯ ಕಾಣದಿದ್ದರೂ ಅವರ ಮೈ 24 ಗಂಟೆಯನ್ನೇ ಹಿಡಿದು ಕೂತಿತ್ತು. ಎರಡು ಫಲಿತಾಂಶವನ್ನೂ, ತಮಗೆ ಆಗದ್ದನ್ನೂ, 1939ರ ತಮ್ಮ ಪುಸ್ತಕದಲ್ಲಿ ಮುಚ್ಚಿಡದೆ ಬರೆದರು. ನನಗೆ ಅವರಲ್ಲಿ ಇಷ್ಟವಾದದ್ದು ಇದೇ.

1948ರಲ್ಲಿ ಡಾಗ್‌ಫಿಶ್ ಎಂಬ ಜಲಾಂತರ್ಗಾಮಿಯಲ್ಲಿ ಎರಡು ವಾರ ಇದ್ದು ನಾವಿಕರ ನಿದ್ದೆ ನೋಡಿದರು. ನೀರಿನಡಿಯ ಇಕ್ಕಟ್ಟು, ಹೊತ್ತಲ್ಲದ ಹೊತ್ತಲ್ಲಿ ಪಾಳಿ. ಪ್ರತಿಯೊಬ್ಬನಿಗೂ ದಿನಾ ಅದೇ ಹೊತ್ತಿಗೆ ನಿದ್ದೆ ಸಿಗುವಂತೆ ಹೊಸ ಪಾಳಿ ಸೂಚಿಸಿದರು. 1953ರಲ್ಲಿ ಶಿಷ್ಯ ಅಸೆರಿನ್‌ಸ್ಕಿ ಜೊತೆ, ನಿದ್ದೆಯಲ್ಲಿ ಕಣ್ಣುಗುಡ್ಡೆ ಬೇಗ ಬೇಗ ಓಡುವ ಹಂತ ಒಂದಿದೆ, ಆಗಲೇ ಕನಸು ಹೆಚ್ಚು ಅಂತ ತೋರಿಸಿಕೊಟ್ಟರು.

1999ರಲ್ಲಿ, 104 ವರ್ಷ ಬದುಕಿ, ತೀರಿಕೊಂಡರು. ಆಗಲೂ ಅಮೆರಿಕದ ಜಲಾಂತರ್ಗಾಮಿಗಳಲ್ಲಿ 6 ಗಂಟೆ ಕೆಲಸ, 12 ಗಂಟೆ ಬಿಡುವು ಸೇರಿ 18 ಗಂಟೆಯ ದಿನವೇ ನಡೆಯುತ್ತಿತ್ತು. ಅದನ್ನು 24 ಗಂಟೆಗೆ ಬದಲಿಸತೊಡಗಿದ್ದು 2014ರ ಸುಮಾರಿಗೆ.