ದಿವಂಗತ ಡೆನ್ನಿಸ್ ರಿಚಿಯವರು

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ಗತಿಸಿಹೋದ ಒಬ್ಬ ಮಹನೀಯರ ಜೀವನವೃತ್ತಾಂತವನ್ನು ಬರೆಯುವುದು ರೂಢಿಯಾಗಿದೆ. ಕವಿಗಳು, ದೇಶಭಕ್ತರು, ಸಾಧುಸಂತರು ಇವರ ಚರಿತ್ರೆಗಳನ್ನು ನೀವು ಈ ಪುಟಗಳಲ್ಲಿ ಓದಿರುವಿರಿ. ಈ ಸಲ ನಾವು ಅಮೆರಿಕದ ಗಣಕವಿಜ್ಞಾನಿಯೊಬ್ಬರನ್ನು ಆರಿಸಿಕೊಂಡಿದ್ದೇವೆ. ಇದಕ್ಕೊಂದು ಕಾರಣವುಂಟು. ಗಣಕಯಂತ್ರದ ಕೊಠಡಿಯಲ್ಲಿ ಸಿ ಭಾಷೆಯ ಪಾಠ ನಡೆಯುತ್ತಿದ್ದಾಗ, ಒಂದು ಪ್ರೋಗ್ರಾಮಿನ ಉತ್ತರವು ಪರದೆಯ ಮೇಲೆ ಮೂಡದೆ ಕಡತವೊಂದರೊಳಗೆ ಹೋಗಿ ಸೇರುವಂತೆ, ಬಲಕ್ಕೆ ಮೊನೆ ಮಾಡಿದ ಬಾಣದ ತುದಿಯಂಥ ಚಿಹ್ನೆಯೊಂದನ್ನು ಹಾಕಿ ತೋರಿಸಿದೆವು. ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಪ್ರೋಗ್ರಾಮಿನಲ್ಲಿ ಒಂದಕ್ಷರವನ್ನೂ ತಿದ್ದದಿರುವಾಗ ಅದು ಬರೆಯುವ ಸ್ಥಳ ಮಾತ್ರ ಬದಲಾದುದು ಹೇಗೆಂದು ಕೇಳಿದಳು. ನಮಗೆ ಉತ್ತರ ತಿಳಿದಿರಲಿಲ್ಲ. ನಾಳೆ ಹೇಳುತ್ತೇವೆಂದು ಕುಳ್ಳಿರಿಸಿದೆವು. ಆ ನಾಳೆಯು ಬರಲು ಕೆಲವು ತಿಂಗಳುಗಳೇ ಹಿಡಿದವು. ಅಂದಿನ ಸಾಲವನ್ನು ಈ ಲೇಖನದಿಂದ ತೀರಿಸುತ್ತಿದ್ದೇವೆ.

ಡೆನ್ನಿಸ್ ರಿಚಿಯವರು 1941ನೆಯ ಇಸವಿ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ಸಂಸ್ಥಾನದ ಬ್ರಾಂಕ್ಸ್‌ವಿಲ್ ಎಂಬ ಊರಿನಲ್ಲಿ ಜನಿಸಿದರು. ಬೆಳೆದುದು ನ್ಯೂಜೆರ್ಸಿಯ ಸಮ್ಮಿಟ್ ಎಂಬಲ್ಲಿ. ತಂದೆ ಆಲಿಸ್ಟೇರ್ ರಿಚಿಯವರು ಬೆಲ್ ಪ್ರಯೋಗಾಲಯದಲ್ಲಿ ವಿಜ್ಞಾನಿಗಳಾಗಿದ್ದು, ಟೆಲಿಫೋನ್ ಕರೆಗಳನ್ನು ಜೋಡಿಸುವಂಥ ಸ್ವಿಚ್ಚುಗಳ ಮಂಡಲಗಳನ್ನು ಕುರಿತ ಗ್ರಂಥವೊಂದರ ಸಹಲೇಖಕರಾಗಿದ್ದರು. ಮಗನು ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ 1963ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದನು. ಅನಂತರ ಅಲ್ಲಿಯೇ ಅನ್ವಯಿಕ ಗಣಿತದಲ್ಲಿ ಉನ್ನತ ವ್ಯಾಸಂಗ ನಡೆಯಿತು. ಭೌತಶಾಸ್ತ್ರಜ್ಞನಾಗುವಷ್ಟು ಬುದ್ಧಿ ತಮಗಿಲ್ಲವೆಂದು ಮೊದಲನೆಯ ವ್ಯಾಸಂಗದಿಂದಲೂ, ಗಣನಸಿದ್ಧಾಂತದಲ್ಲಿ ಪರಿಣತನಾಗುವಷ್ಟು ಬುದ್ಧಿಯೂ ಇಲ್ಲವೆಂದು ಎರಡನೆಯದರಿಂದಲೂ ಮನವರಿಕೆಯಾಯಿತೆಂದು ರಿಚಿಯವರು ತಮ್ಮ ವಿಷಯದಲ್ಲಿ ತಾವೇ ನಗುತ್ತ ಬರೆದುಕೊಂಡಿದ್ದಾರೆ. ಇದು ವಿನಯದ ಮಾತೇ ಹೊರತು ನಿಜವಲ್ಲ. ಏಕೆಂದರೆ 1968ರ ವೇಳೆಗೆ ಅವರು ಪ್ರೋಗ್ರಾಮುಗಳ ರಚನೆಗೂ ಗಣನೆಯ ಕ್ಲಿಷ್ಟತೆಗೂ ಇರುವ ಸಂಬಂಧವನ್ನು ಕುರಿತು ಡಾಕ್ಟರೇಟ್ ಪ್ರಬಂಧವೊಂದನ್ನು ಪೂರ್ಣಗೊಳಿಸಿದ್ದರು. ಆದರೆ ಅವರು ಡಾಕ್ಟರ್ ರಿಚಿಯಾಗಲಿಲ್ಲ. ಪ್ರಬಂಧವನ್ನು ಬೈಂಡು ಮಾಡಿಸಿ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕೊನೆಯ ನಿಯಮವೊಂದಿತ್ತು. ಅದನ್ನು ಅವರು ನೆರವೇರಿಸಲೇ ಇಲ್ಲವೆಂದು ಒಡನಾಡಿಗಳು ಹೇಳುತ್ತಾರೆ. ಪದವಿಯ ಹಾಳೆಯೊಂದಕ್ಕಾಗಿ ಊರೂರು ಅಲೆದು, ಅರ್ಜಿಗಳನ್ನು ಹಿಡಿದು ಕಚೇರಿಗಳ ಮೆಟ್ಟಿಲು ಸವೆಸಿದ ನಮ್ಮಂಥವರಿಗೆ ಇದನ್ನು ಓದಿ ಒಂದು ಕ್ಷಣ ಸಿಟ್ಟೇ ಬಂದಿತೆಂದರೆ ತಪ್ಪಾಗಲಾರದು.

1967ರಲ್ಲಿ ರಿಚಿಯವರು ತಂದೆಯು ದುಡಿದ ಬೆಲ್ ಪ್ರಯೋಗಾಲಯವನ್ನೇ, ಮರ್ರೇ ಹಿಲ್ ಎಂಬಲ್ಲಿ, ಸೇರಿದರು. ಆಗ ಅಲ್ಲಿ ಮಲ್ಟಿಕ್ಸ್ ಎಂಬ ಬೃಹತ್ ವ್ಯವಸ್ಥೆಯನ್ನು ಇತರ ಎರಡು ಸಂಸ್ಥೆಗಳೊಡನೆ ಕೂಡಿ ನಿರ್ಮಿಸುವ ಕಾರ್ಯ ನಡೆದಿತ್ತು. ಅದು ಮುಗಿಯುವ ಲಕ್ಷಣ ಕಾಣದೆ 1969ರಲ್ಲಿ ಬೆಲ್ ಪ್ರಯೋಗಾಲಯವು ಹಿಂದೆ ಸರಿಯಿತು. ಕೈಬರಿದಾದ ಕೆಲವು ತರುಣರಲ್ಲಿ ಕೆನ್ ಥಾಂಪ್ಸನ್ನರೊಬ್ಬರು, ರಿಚಿಯವರೊಬ್ಬರು. ಥಾಂಪ್ಸನ್ನರಿಗೆ ಯಾರೂ ಹೆಚ್ಚು ಬಳಸದಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರವೊಂದು ದೊರೆಯಿತು. ಅದರ ಮೇಲೆ ಅವರು ಬರೆಯಲಾರಂಭಿಸಿದ ವ್ಯವಸ್ಥೆಯೇ ಯುನಿಕ್ಸ್. ರಿಚಿಯವರು ಮೊದಲಿನಿಂದಲೂ ಅವರೊಡನೆ ನಿಂತರು. 1970ರ ಬೇಸಗೆಯ ಕೊನೆಗೆ ಪಿಡಿಪಿ-11 ಎಂಬ ಹೊಸ ಯಂತ್ರ ಬಂದಿತಾದರೂ ಅದರ ಡಿಸ್ಕು ಡಿಸೆಂಬರಿನವರೆಗೂ ಬರಲಿಲ್ಲ. ಆವರೆಗೆ ಆ ಯಂತ್ರವು ಮೂಲೆಯಲ್ಲಿ ಕುಳಿತು, ಆರು ಎಂಟು ಮನೆಗಳ ಚದುರಂಗದ ಹಾಸಿನಲ್ಲಿ ಕುದುರೆಯು ಎಲ್ಲ ಮನೆಗಳನ್ನೂ ಮೆಟ್ಟಿ ಹೊರಟಲ್ಲಿಗೆ ಮರಳುವ ಬಗೆಗಳನ್ನೆಲ್ಲ ಮೂರು ತಿಂಗಳ ಕಾಲ ಎಣಿಸುತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಶತಮಾನಕ್ಕೂ ಹಿಂದೆ ಕೈಯಿಂದಲೇ ಇಂಥ ಕುದುರೆಯ ನಡೆಗಳನ್ನು ರಚಿಸಿದ್ದರೆಂಬುದನ್ನು ಇಲ್ಲಿ ನೆನೆಯದಿರಲು ನಮಗೆ ಸಾಧ್ಯವಾಗಲಿಲ್ಲ.

ಇನ್ನು ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಯುನಿಕ್ಸಿನ ವಿಕಾಸವನ್ನು ಕುರಿತು ರಿಚಿಯವರು 1979ರಲ್ಲಿ ಒಂದು ಪ್ರಬಂಧವನ್ನು ಬರೆದರು. ಉತ್ತರ ನಮಗೆ ಅಲ್ಲಿ ದೊರೆಯಿತು. ನಾವು ಕೊಡುವ ಆದೇಶವನ್ನು ಓದಿ ಬೇಕಾದ ಪ್ರೋಗ್ರಾಮನ್ನು ಓಡಿಸುವ ಮೇಲ್ವಿಚಾರಕನಿಗೆ ಷೆಲ್ ಎಂದು ಹೆಸರು. ಪ್ರಾರಂಭದಲ್ಲಿ ಈ ಷೆಲ್ಲಿನ ಪಾಡು ವಿಚಿತ್ರವಾಗಿತ್ತು. ಆದೇಶ ಬಂದೊಡನೆ ಕರೆಸಿದ ಪ್ರೋಗ್ರಾಮು ಬಂದು ಷೆಲ್ಲಿನ ಜಾಗದ ಮೇಲೆಯೇ ಕುಳಿತು ಅದನ್ನು ಅಳಿಸಿಬಿಡುತ್ತಿತ್ತು. ಕೆಲಸ ಮುಗಿದ ಮೇಲೆ ವ್ಯವಸ್ಥೆಯು ಷೆಲ್ಲಿನ ಹೊಸ ಪ್ರತಿಯೊಂದನ್ನು ಮತ್ತೆ ತಂದಿಡುತ್ತಿತ್ತು. ಒಂದು ಬಾರಿಗೆ ಒಂದೇ ಕೆಲಸ. ಇದನ್ನು ಬದಲಿಸಲು ಅವರು ಫೋರ್ಕ್ ಎಂಬ ಕ್ರಿಯೆಯನ್ನು ತಂದರು. ನಡೆಯುತ್ತಿರುವ ಪ್ರೋಗ್ರಾಮು ತನ್ನಂತೆಯೇ ಇರುವ ಇನ್ನೊಂದು ಪ್ರತಿಯನ್ನು ಹುಟ್ಟಿಸುತ್ತದೆ. ತಾಯಿ ಕಾಯುತ್ತದೆ, ಮಗುವು ಹೊಸ ಪ್ರೋಗ್ರಾಮಿನ ವೇಷವನ್ನು ತೊಡುತ್ತದೆ. ವೇಷ ತೊಡುವ ಕ್ರಿಯೆಗೆ ಎಕ್ಸೆಕ್ ಎಂದು ಹೆಸರು. ಆ ಪಿಡಿಪಿ-7 ಯಂತ್ರದಲ್ಲಿ ಫೋರ್ಕನ್ನು ಸೇರಿಸಲು ಬೇಕಾದುದು ಕೇವಲ 27 ಸಾಲುಗಳು.

ಫೋರ್ಕ್ ಆದ ಮೇಲೆ, ಎಕ್ಸೆಕ್ ಆಗುವ ಮೊದಲು, ನಡುವೆ ಒಂದು ಚಿಕ್ಕ ಬಿಡುವು ಉಂಟು. ಗುಟ್ಟೆಲ್ಲ ಅಲ್ಲಿಯೇ ಇದೆ. ಪ್ರತಿ ಪ್ರೋಗ್ರಾಮೂ 0 ಎಂಬ ಸಂಖ್ಯೆಯ ಬಾಗಿಲಿನಿಂದ ಓದುತ್ತದೆ, 1 ಎಂಬ ಬಾಗಿಲಿಗೆ ಬರೆಯುತ್ತದೆ. ತಪ್ಪುಗಳನ್ನು ತಿಳಿಸಲು 2 ಎಂಬ ಬಾಗಿಲು ಅನಂತರದ ದಿನಗಳಲ್ಲಿ ಸೇರಿತು. ಆ ಬಾಗಿಲಿನ ಆಚೆಗೆ ಪರದೆಯಿದೆಯೋ ಕಡತವಿದೆಯೋ ಎಂಬುದನ್ನು ಪ್ರೋಗ್ರಾಮು ವಿಚಾರಿಸಬೇಕಾಗಿಲ್ಲ. ಬಾಣದ ಚಿಹ್ನೆಯನ್ನು ಕಂಡ ಷೆಲ್ಲಿನ ಮಗುವು ಈ ಬಿಡುವಿನಲ್ಲಿ 1ನೆಯ ಬಾಗಿಲನ್ನು ಮುಚ್ಚಿ, ಅದೇ ಸಂಖ್ಯೆಗೆ ಕಡತವನ್ನು ತೆರೆದಿಟ್ಟು, ಬಳಿಕ ಎಕ್ಸೆಕ್ ಮಾಡುತ್ತದೆ. ವೇಷ ಬದಲಾದರೂ ಬಾಗಿಲುಗಳು ಹಾಗೆಯೇ ಉಳಿಯುತ್ತವೆ. ಹೊಸ ಪ್ರೋಗ್ರಾಮು ಏನನ್ನೂ ಅರಿಯದೆ 1ಕ್ಕೆ ಬರೆಯುತ್ತದೆ. ಅದು ಕಡತಕ್ಕೆ ಹೋಗಿ ಬೀಳುತ್ತದೆ. ಅಂದು ನಾವು ಹೇಳಲಾಗದೆ ಹೋದ ಉತ್ತರವಿಷ್ಟೆ. ಈ ಚಿಹ್ನೆಗಳ ಹಿಂದಿನ ಕಲ್ಪನೆಯು ಮಲ್ಟಿಕ್ಸಿನಿಂದ ಬಂದಿತೆಂದು ರಿಚಿಯವರು ಮರೆಯದೆ ಒಪ್ಪಿಕೊಂಡಿದ್ದಾರೆ.

ಎಲ್ಲವೂ ಸಲೀಸಾಗಿ ನಡೆಯಿತೆಂದು ಭಾವಿಸಬೇಡಿ. ಫೋರ್ಕ್ ಬಂದ ಕೂಡಲೇ, ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಹೋಗುವ ಆದೇಶವು ಕೆಲಸ ಮಾಡದಾಯಿತು. ಅವರು ಸಾಲು ಸಾಲಾಗಿ ಓದಿ ಕಳವಳದಿಂದ ಹುಡುಕಿದರು. ಕಾರಣ ಸರಳವಾಗಿತ್ತು: ಮಗುವು ಬೇರೆ ಕೋಶಕ್ಕೆ ಹೋಗಿ ಅಲ್ಲಿಯೇ ಮುಗಿದುಹೋಗುತ್ತಿತ್ತು, ತಾಯಿಯಾದ ಷೆಲ್ ಇದ್ದಲ್ಲಿಯೇ ಇರುತ್ತಿತ್ತು! ಅಂದಿನಿಂದ ಆ ಆದೇಶವನ್ನು ಷೆಲ್ ತಾನೇ ನಡೆಸುತ್ತದೆ. ಇನ್ನೊಮ್ಮೆ, ಎರಡು ಆದೇಶಗಳನ್ನು ಒಂದಾದಮೇಲೊಂದರಂತೆ ಓಡಿಸಿ ಉತ್ತರವನ್ನು ಒಂದೇ ಕಡತಕ್ಕೆ ತಿರುಗಿಸಿದರೆ, ಎರಡನೆಯದರ ಬರಹವು ಮೊದಲನೆಯದರ ಮೇಲೆಯೇ ಬಿದ್ದು ಅದನ್ನು ಅಳಿಸುತ್ತಿತ್ತು. ಎಲ್ಲಿಯವರೆಗೆ ಬರೆದಾಗಿದೆ ಎಂಬ ಗುರುತನ್ನು ಪ್ರತಿ ಪ್ರಕ್ರಿಯೆಯೂ ತನ್ನ ಬಳಿಯೇ ಇಟ್ಟುಕೊಂಡಿದ್ದುದು ಇದಕ್ಕೆ ಕಾರಣ. ಆ ಗುರುತುಗಳನ್ನು ಇಡೀ ವ್ಯವಸ್ಥೆಗೆ ಸೇರಿದ ಒಂದೇ ಪಟ್ಟಿಯಲ್ಲಿರಿಸಿದ ಮೇಲೆ ದೋಷ ನಿವಾರಣೆಯಾಯಿತು. ದೊಡ್ಡವರು ತಮ್ಮ ತಪ್ಪುಗಳನ್ನು ಇಷ್ಟು ವಿವರವಾಗಿ ಬರೆದಿಟ್ಟಿರುವುದನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಪ್ರೋಗ್ರಾಮುಗಳನ್ನು ಸರಪಣಿಯಂತೆ ಜೋಡಿಸುವ ಪೈಪಿನ ಕಲ್ಪನೆ ರಿಚಿಯವರದಲ್ಲ; ಅದು ಅದೇ ಪ್ರಯೋಗಾಲಯದ ಡಗ್ ಮ್ಯಾಕ್‌ಇಲ್ರಾಯ್ ಅವರದು. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡುಗಳಂತೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಸಿಕ್ಕಿಸುವಂತಿರಬೇಕೆಂದು ಅವರು 1964ರಲ್ಲಿಯೇ ಬರೆದಿದ್ದರು. ನಮ್ಮ ಮುಂಬಯಿಯ ಚಾಳುಗಳಲ್ಲಿ ಬೆಳಗಿನ ಹೊತ್ತು ನಲ್ಲಿಗೊಂದು ಪೈಪು, ಅದು ಸಾಲದಿದ್ದರೆ ಅದರ ತುದಿಗೆ ಪಕ್ಕದ ಮನೆಯವರ ಪೈಪು ಸಿಕ್ಕಿಸಿ ಪೀಪಾಯಿ ತುಂಬಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮ್ಯಾಕ್‌ಇಲ್ರಾಯ್ ಅವರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಥಾಂಪ್ಸನ್ನರು ಒಂದೇ ರಾತ್ರಿಯಲ್ಲಿ ಅದನ್ನು ಯುನಿಕ್ಸಿಗೆ ಅಳವಡಿಸಿದರು. 1973ರ ಫೆಬ್ರವರಿಯ ಕೈಪಿಡಿಯಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಇಂದು ಬಳಸುವ ನೆಟ್ಟನೆಯ ಗೀಟು ಸ್ವಲ್ಪ ಕಾಲಾನಂತರ ಬಂದುದು.

ರಿಚಿಯವರ ಪಾಲಿನ ಮಹತ್ಕಾರ್ಯವು ಇದೇ ಕಾಲದ್ದು. ಥಾಂಪ್ಸನ್ನರು ಬಿ ಎಂಬ ಪುಟ್ಟ ಭಾಷೆಯೊಂದನ್ನು ರಚಿಸಿದ್ದರು. ಅದರಲ್ಲಿ ಅಕ್ಷರಕ್ಕೂ ಅಂಕಿಗೂ ಬೇರೆ ಬೇರೆ ಜಾತಿಯಿರಲಿಲ್ಲ. ರಿಚಿಯವರು 1971ರಿಂದ 1973ರವರೆಗೆ ಅದಕ್ಕೆ ದತ್ತಾಂಶದ ಬಗೆಗಳನ್ನು ಸೇರಿಸುತ್ತ, ತಿದ್ದುತ್ತ, ಸಿ ಎಂಬ ಹೊಸ ಭಾಷೆಯನ್ನೇ ನಿರ್ಮಿಸಿದರು. ಯುನಿಕ್ಸಿನ ತಿರುಳನ್ನು ಸಿ ಭಾಷೆಯಲ್ಲಿ ಬರೆಯಲು 1972ರಲ್ಲಿ ಥಾಂಪ್ಸನ್ನರು ಮಾಡಿದ ಯತ್ನ ಫಲಿಸಲಿಲ್ಲ. ಬಿಡಿ ಬಿಡಿಯಾದ ದತ್ತಾಂಶಗಳನ್ನು ಒಂದೇ ಕಟ್ಟಾಗಿ ಕಟ್ಟುವ ಸ್ಟ್ರಕ್ಟ್ ಎಂಬ ಸೌಕರ್ಯವನ್ನು ರಿಚಿಯವರು ಸೇರಿಸಿದ ಮೇಲೆ, 1973ರ ಬೇಸಗೆಯಲ್ಲಿ ಆ ಕಾರ್ಯ ಕೈಗೂಡಿತು. ಅಲ್ಲಿಯವರೆಗೆ ಇಂಥ ವ್ಯವಸ್ಥೆಗಳನ್ನು ಹೆಚ್ಚಾಗಿ ಆಯಾ ಯಂತ್ರದ ಭಾಷೆಯಲ್ಲಿಯೇ ಬರೆಯುತ್ತಿದ್ದರು. ಯಂತ್ರ ಹಳತಾದರೆ ಬರೆದುದೂ ವ್ಯರ್ಥ. ಸಿ ಬಂದ ಮೇಲೆ ಯುನಿಕ್ಸ್ ಯಂತ್ರದಿಂದ ಯಂತ್ರಕ್ಕೆ ಪಯಣಿಸಲು ಹಾದಿಯಾಯಿತು.

ಸಿ ಭಾಷೆಯಲ್ಲಿ ಪೈಪು ಜೋಡಿಸುವ ಕ್ರಮವನ್ನು ಹೇಳಿ, ನಮ್ಮದೊಂದು ಅಪಜಯವನ್ನೂ ತಿಳಿಸುತ್ತೇವೆ. ಪೈಪ್ ಎಂಬ ಕರೆಯನ್ನು ಕೊಟ್ಟರೆ ಎರಡು ತುದಿಗಳು ದೊರೆಯುತ್ತವೆ. ಮೊದಲನೆಯದು ಓದಲು, ಎರಡನೆಯದು ಬರೆಯಲು. ಅನಂತರ ಎರಡು ಸಲ ಫೋರ್ಕ್. ಹಿರಿಯ ಮಗುವು ಡೂಪ್ ಎಂಬ ಕರೆಯಿಂದ ಬರೆಯುವ ತುದಿಯನ್ನು ತನ್ನ 1ನೆಯ ಬಾಗಿಲಿಗೂ, ಕಿರಿಯದು ಓದುವ ತುದಿಯನ್ನು ತನ್ನ 0 ಬಾಗಿಲಿಗೂ ಕೂರಿಸಿಕೊಂಡು ಎಕ್ಸೆಕ್ ಮಾಡುತ್ತವೆ. ಪೈಪು ತುಂಬಿದರೆ ಬರೆಯುವವನು ಕಾಯುತ್ತಾನೆ, ಬರಿದಾದರೆ ಓದುವವನು ಕಾಯುತ್ತಾನೆ. 1975ರ ಆರನೆಯ ಆವೃತ್ತಿಯಲ್ಲಿ ಪೈಪಿನಲ್ಲಿ ಹಿಡಿಸುತ್ತಿದ್ದುದು 4096 ಬೈಟುಗಳು. ಇಂದಿನ ಲಿನಕ್ಸಿನಲ್ಲಿ ಸಾಮಾನ್ಯವಾಗಿ 65,536. ನಮ್ಮ ಗ್ರಂಥಭಂಡಾರದ ಪುಸ್ತಕಗಳ ಹೆಸರುಗಳನ್ನು ಒಂದು ಪ್ರೋಗ್ರಾಮು ಹೇಳುವಂತೆಯೂ, ಇನ್ನೊಂದು ಅಕಾರಾದಿಯಾಗಿ ಜೋಡಿಸುವಂತೆಯೂ ನಾವು ಬರೆದು ತರಗತಿಯ ಮುಂದೆ ಓಡಿಸಿದೆವು. ಪರದೆಯ ಮೇಲೆ ಏನೂ ಬರಲಿಲ್ಲ. ಎರಡು ನಿಮಿಷ, ಐದು ನಿಮಿಷ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಗಂಟೆ ಹೊಡೆಯಿತು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಮಾಸ್ತರಿಗೆ ಇದೆಲ್ಲ ಏಕೆ ಬೇಕಿತ್ತು ಎಂಬ ಮಾತನ್ನು ಬೇರೆ ಯಾರೂ ಆಡದಿದ್ದರೂ ನಾವೇ ಆಡಿಕೊಂಡೆವು.

ತಪ್ಪು ಒಂದೇ ಸಾಲಿನದು. ಫೋರ್ಕ್ ಆದಾಗ ಬಾಗಿಲುಗಳ ಪ್ರತಿಯೂ ಆಗುತ್ತದೆಯಷ್ಟೆ. ಮಕ್ಕಳಿಗೆ ಪೈಪನ್ನು ಕೊಟ್ಟ ತಾಯಿಯ ಕೈಯಲ್ಲಿಯೂ ಬರೆಯುವ ತುದಿ ಉಳಿದಿತ್ತು. ಬರೆಯುವ ತುದಿಯನ್ನು ಹಿಡಿದವರೆಲ್ಲರೂ ಕೈಬಿಟ್ಟಾಗಲೇ ಓದುವವನಿಗೆ ದತ್ತಾಂಶ ಮುಗಿಯಿತೆಂದು ಗೊತ್ತಾಗುವುದು. ತಾಯಿ ಮುಚ್ಚಲಿಲ್ಲ, ಇನ್ನೂ ಹೆಸರುಗಳು ಬರುವುವೆಂದು ಜೋಡಿಸುವವನು ಕಾಯುತ್ತಲೇ ಇದ್ದನು, ಅವನು ಮುಗಿಸಲೆಂದು ತಾಯಿ ಕಾಯುತ್ತಿತ್ತು. ಮರುದಿನ ಮುಚ್ಚುವ ಸಾಲನ್ನು ಸೇರಿಸಿದೆವು. ಹೆಸರುಗಳು ಸರಸರನೆ ಇಳಿದವು. ಇಷ್ಟೆಲ್ಲ ಜೋಡಣೆಯನ್ನು ಒಂದೇ ಮಾತಿನಲ್ಲಿ ಮಾಡಿಕೊಡುವ ಪಿ-ಓಪನ್ ಎಂಬ ಸೌಲಭ್ಯವು 1979ರ ಏಳನೆಯ ಆವೃತ್ತಿಯಿಂದಲೂ ಉಂಟು. ಆದರೆ ಒಮ್ಮೆಯಾದರೂ ಕೈಯಿಂದ ಜೋಡಿಸಿ ನೋಡಬೇಕೆಂದು ನಮ್ಮ ಅಭಿಪ್ರಾಯ.

1978ರಲ್ಲಿ ರಿಚಿಯವರು ಬ್ರಯನ್ ಕರ್ನಿಗನ್ನರೊಡನೆ ಸಿ ಭಾಷೆಯ ಗ್ರಂಥವನ್ನು ಪ್ರಕಟಿಸಿದರು. 228 ಪುಟಗಳ ತೆಳು ಪುಸ್ತಕ. ಅದರ ಎರಡನೆಯ ಮುದ್ರಣದ ಹಳೆಯ ಪ್ರತಿಯೊಂದನ್ನು ನಾವು ಫ್ಲೋರಾ ಫೌಂಟನ್ ಬಳಿಯ ಪಾದಚಾರಿ ಮಾರ್ಗದಲ್ಲಿ ಕೊಂಡು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆವು. 1983ರಲ್ಲಿ ಥಾಂಪ್ಸನ್ನರೊಡನೆ ಟ್ಯೂರಿಂಗ್ ಪ್ರಶಸ್ತಿ, 1999ರಲ್ಲಿ ಅಮೆರಿಕದ ಅಧ್ಯಕ್ಷರಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ ಅವರಿಗೆ ಸಂದವು. 2007ರಲ್ಲಿ ಅವರು ನಿವೃತ್ತರಾದರು.

ರಿಚಿಯವರು ಮಿತಭಾಷಿಗಳು, ರಾತ್ರಿಯ ಹೊತ್ತು ದುಡಿಯುವವರು, ಅವಿವಾಹಿತರು. ಇತ್ತೀಚಿನ ವರ್ಷಗಳಲ್ಲಿ ಆರೋಗ್ಯ ಕೆಟ್ಟಿತ್ತು. 2011ರ ಅಕ್ಟೋಬರ್ 12ರಂದು, ಬರ್ಕ್ಲಿ ಹೈಟ್ಸ್‌ನ ತಮ್ಮ ಮನೆಯಲ್ಲಿ ಅವರು ಮೃತರಾಗಿದ್ದುದು ಕಂಡುಬಂದಿತು. ಒಬ್ಬರೇ ವಾಸವಾಗಿದ್ದರು. ವಯಸ್ಸು 70. ಅದಕ್ಕೆ ಒಂದು ವಾರ ಮೊದಲು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಪತ್ರಿಕೆಗಳ ಪುಟಗಳೆಲ್ಲ ಆ ಸುದ್ದಿಯಿಂದ ತುಂಬಿದ್ದವು. ರಿಚಿಯವರ ಮರಣವನ್ನು ಹಳೆಯ ಸಹೋದ್ಯೋಗಿ ರಾಬ್ ಪೈಕ್ ಅವರು ತಿಳಿಸಿದಾಗ ಗಣಕದ ಬಲ್ಲವರಿಗೆ ಗೊತ್ತಾಯಿತು, ಉಳಿದವರಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ಆಪಲ್ ಯಂತ್ರಗಳೊಳಗಿನ ವ್ಯವಸ್ಥೆಯು ಯುನಿಕ್ಸಿನ ವಂಶದ್ದು. ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ತಿರುಳಾದ ಲಿನಕ್ಸ್ ಬಹುಪಾಲು ಸಿ ಭಾಷೆಯಲ್ಲಿಯೇ ಬರೆದುದು.

ಆ ಬೈಂಡಾಗದ ಪ್ರಬಂಧದ ವಿಷಯ ಉಳಿಯಿತು. ಅದರ ಪ್ರತಿಯು ಕುಟುಂಬದವರ ಪ್ರಯತ್ನದಿಂದ ದೊರೆತು, ಕ್ಯಾಲಿಫೋರ್ನಿಯದ ಗಣಕ ಇತಿಹಾಸ ವಸ್ತುಸಂಗ್ರಹಾಲಯವನ್ನು ಸೇರಿತು. 2020ರಲ್ಲಿ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಟೈಪು ಮಾಡಿದ ಹಾಳೆಗಳು ಅವು. ಮುದ್ರಿಸಿಕೊಂಡು ನಮ್ಮ ಗಣಕದ ಕೊಠಡಿಯ ಕಪಾಟಿನಲ್ಲಿ ಇರಿಸಿದ್ದೇವೆ, ನಾವೂ ಬೈಂಡು ಮಾಡಿಸಿಲ್ಲ.