ಗಾಳಿಯ ಗಣಿತಜ್ಞ ರಿಚರ್ಡ್‌ಸನ್

ಬೀಸುವ ಗಾಳಿಯೂ ಹರಿಯುವ ನೀರೂ ಸ್ವಚ್ಛಂದವಾಗಿ ಚಲಿಸುವಂತೆ ತೋರುತ್ತವೆ. ಆದರೆ ಅವುಗಳ ಚಲನೆಗೂ ನಿಯಮಗಳುಂಟು. ಆ ನಿಯಮಗಳ ನೆರವಿನಿಂದ ಮುಂದಿನ ಹವೆಯನ್ನು ಗಣಿಸಿ ತಿಳಿಯಬಹುದೆಂದು ನಂಬಿ, ಆ ಕಠಿನ ಕಾರ್ಯಕ್ಕೆ ಕೈಹಾಕಿದವನು ಲೂಯಿಸ್ ಫ್ರೈ ರಿಚರ್ಡ್‌ಸನ್.

ಈತನು 1881ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ, ಯುದ್ಧವನ್ನು ವಿರೋಧಿಸುವ ಕ್ವೇಕರ್ ಪಂಥದ ಮನೆತನದಲ್ಲಿ ಜನಿಸಿದನು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1913ರಲ್ಲಿ ಸ್ಕಾಟ್ಲೆಂಡಿನ ಒಂದು ವೀಕ್ಷಣಾಲಯದ ಮೇಲ್ವಿಚಾರಕನಾದನು. ಮೊದಲನೆಯ ಮಹಾಯುದ್ಧದಲ್ಲಿ ಕೋವಿ ಹಿಡಿಯಲು ಆತನ ಅಂತಃಕರಣವು ಒಪ್ಪಲಿಲ್ಲ. ಸುಮ್ಮನೆ ಕುಳಿತಿರಲೂ ಮನಸ್ಸು ಬರಲಿಲ್ಲ. 1916ರಲ್ಲಿ ಹುದ್ದೆಯನ್ನು ತ್ಯಜಿಸಿ, ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನದ ಚಾಲಕನಾದನು.

ಬಿಡುವು ದೊರೆತಾಗ ಹುಲ್ಲಿನ ರಾಶಿಯೇ ಆತನ ಕಚೇರಿ. ಭೂಪಟವನ್ನು ಚೌಕಗಳಾಗಿ ವಿಭಾಗಿಸಿ, 1910ರ ಮೇ 20ರಂದು ಮಧ್ಯ ಯೂರೋಪಿನಲ್ಲಿ ಆರು ಗಂಟೆಗಳಲ್ಲಿ ಆಗಬೇಕಾಗಿದ್ದ ಬದಲಾವಣೆಯನ್ನು ಕೈಯಿಂದಲೇ ಗಣಿಸಿದನು. ವಾಯುಭಾರವು 145 ಮಿಲಿಬಾರ್‌ಗಳಷ್ಟು ಏರಬೇಕೆಂದು ಲೆಕ್ಕವು ತೋರಿಸಿತು. ಆದರೆ ಅಂದು ವಾಯುಭಾರವು ಹೆಚ್ಚುಕಡಿಮೆ ಸ್ಥಿರವಾಗಿಯೇ ಇದ್ದಿತು! 1917ರಲ್ಲಿ ಯುದ್ಧದ ಗೊಂದಲದಲ್ಲಿ ಹಸ್ತಪ್ರತಿಯೇ ಕಳೆದುಹೋಗಿ, ಕೆಲವು ತಿಂಗಳುಗಳ ಅನಂತರ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ದೊರೆಯಿತು. 1922ರಲ್ಲಿ ಗ್ರಂಥವನ್ನು ಪ್ರಕಟಿಸಿದಾಗ ಆತನು ತನ್ನ ಸೋಲನ್ನು ಮರೆಮಾಚಲಿಲ್ಲ. ಜಗತ್ತಿನ ಹವೆಯೊಡನೆ ಲೆಕ್ಕವು ಸರಿಸಮನಾಗಿ ಸಾಗಬೇಕಾದರೆ 64,000 ಮಂದಿ ಗಣಕರು ಬೇಕೆಂದೂ ಅಂದಾಜು ಮಾಡಿದನು.

ಯುದ್ಧಾನಂತರ ಆತನು ಹವಾಮಾನ ಇಲಾಖೆಗೆ ಮರಳಿದ್ದನು. 1920ರಲ್ಲಿ ಆ ಇಲಾಖೆಯು ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ ಮತ್ತೆ ರಾಜೀನಾಮೆ ನೀಡಿದನು. ಮುಂದೆ ಗಣಿತವನ್ನು ಯುದ್ಧಗಳ ಕಾರಣಗಳನ್ನು ಅರಿಯಲು ಬಳಸಿದನು.

1950ರಲ್ಲಿ ಅಮೆರಿಕದ ವಿಜ್ಞಾನಿಗಳು ವಿದ್ಯುನ್ಮಾನ ಗಣಕಯಂತ್ರದಿಂದ ಹವೆಯನ್ನು ಗಣಿಸಿದರು. ಆ ವಾರ್ತೆಯನ್ನು ಕೇಳುವ ಭಾಗ್ಯ ವೃದ್ಧ ರಿಚರ್ಡ್‌ಸನ್ನನಿಗೆ ಲಭಿಸಿತು. 1953ರಲ್ಲಿ ಆತನು ನಿಧನನಾದನು. ಆತನ ಮಾರ್ಗವು ಸರಿಯಾಗಿತ್ತೆಂದೂ, ಆರಂಭದ ಅಂಕಿಗಳಲ್ಲಿ ಸಮತೋಲನವಿಲ್ಲದ್ದೇ ತಪ್ಪಿಗೆ ಕಾರಣವೆಂದೂ ಮುಂದಿನವರು ಕಂಡುಕೊಂಡರು.

ಇಂದು ಪರಮಾಣುಲೋಕದ ನಿಯಮಗಳನ್ನೇ ಆಧರಿಸಿದ ಕ್ವಾಂಟಂ ಗಣಕಗಳಿಂದ ಪ್ರವಾಹಗಳನ್ನು ಗಣಿಸಲು ವಿಜ್ಞಾನಿಗಳು ಯತ್ನಿಸುತ್ತಿದ್ದಾರೆ. ಪ್ರವಾಹದ ಸಮೀಕರಣಗಳ ವಕ್ರಗತಿಯು ಆ ಯಂತ್ರಗಳ ಸರಳರೇಖೀಯ ನಡೆಗೆ ಸುಲಭವಾಗಿ ಒಗ್ಗದು. ಆದುದರಿಂದ ಅವರಿಗೂ ಸೋಲುಗಳು ಎದುರಾಗುತ್ತವೆ. ಸೋಲನ್ನು ಪ್ರಾಮಾಣಿಕವಾಗಿ ಬರೆದಿಟ್ಟವನೇ ಮುಂದಿನವರಿಗೆ ದಾರಿ ತೋರುವನೆಂಬುದಕ್ಕೆ ರಿಚರ್ಡ್‌ಸನ್ನನ ಬಾಳೇ ನಿದರ್ಶನ.